ಮೊದಲು ಉಚ್ಚೆಯ ಲೆಕ್ಕ ಕೇಳಿ

ರಾತ್ರಿ ಹತ್ತು ಗಂಟೆಗೆ ಎಸ್ಟೇಟ್ ಕೆಲಸಗಾರರ ಲೈನ್ ಮನೆಯಿಂದ ಯಾರಾದರೂ ಕೊಡೆ ಹಿಡಿದು ಬಂದು ಗೇಟಿನ ಹತ್ತಿರ ನಿಂತು "ಸಿಸ್ಟರಕ್ಕಾ, ಮಗುವಿಗೆ ವಾಂತಿ" ಅಂದರೆ ನಾನು ಜ್ವರ ಎಷ್ಟು ಅಂತ ಕೇಳುವುದಿಲ್ಲ. ಏನು ತಿಂದಿತ್ತು ಅಂತಲೂ ಕೇಳುವುದಿಲ್ಲ. "ಕೊನೆಗೆ ಉಚ್ಚೆ ಹೊಯ್ದದ್ದು ಯಾವಾಗ? ಎಷ್ಟು?" ಅಂತ ಕೇಳುತ್ತೇನೆ. ವಾಂತಿ ಎಷ್ಟು ಸಲ ಆಯ್ತು ಅಂತ ಬೆರಳು ಮಡಿಸಿ ಹೇಳುವ ತಾಯಿಯೂ ಈ ಪ್ರಶ್ನೆಗೆ ಗಂಡನ ಮುಖ ನೋಡುತ್ತಾಳೆ. ಗಂಡ ಚಾವಣಿ ನೋಡುತ್ತಾನೆ.

ಮಕ್ಕಳ ವಾರ್ಡಿನಲ್ಲಿ 29 ವರ್ಷ ದುಡಿದು ನಿವೃತ್ತಿಯಾದವಳು ನಾನು. ನಮ್ಮ ಮನೆಯವರು ಎಸ್ಟೇಟಿನಲ್ಲಿ ರೈಟರ್ ಆಗಿದ್ದವರು. ಕೊಡಗಿನ ಸುಂಟಿಕೊಪ್ಪದಿಂದ ಒಳಗೆ, ಡಾಂಬರು ರಸ್ತೆ ಮುಟ್ಟಬೇಕಾದರೆ ಎರಡು ತೋಡು ದಾಟಬೇಕಾದ ಜಾಗದಲ್ಲಿ ನಮ್ಮ ಮನೆ. ಇಲ್ಲಿ ಬರೆಯುತ್ತಿರುವುದು ಡಾಕ್ಟರಿಗೆ ಬದಲಿ ಅಲ್ಲ. ಕಕ್ಕಡದ, ಅಂದರೆ ಜುಲೈ-ಆಗಸ್ಟಿನ, ಮಳೆಯಲ್ಲಿ ಸಿಲ್ವರ್ ಮರ ರಸ್ತೆಗೆ ಅಡ್ಡ ಬಿದ್ದು, ಕರೆಂಟು ಹೋಗಿ, ಟವರೂ ಹೋಗಿ, ಜೀಪು ಸಿಗುವವರೆಗೆ ಮಗು ನಿಮ್ಮ ಮಡಿಲಲ್ಲೇ ಇರುತ್ತದಲ್ಲ, ಆ ಐದಾರು ಗಂಟೆಗೆ ಇದು. 2018ರ ಆಗಸ್ಟಿನಲ್ಲಿ ಗುಡ್ಡ ಜರಿದು ದಾರಿಗಳು ಮುಚ್ಚಿದ್ದನ್ನು ಕಂಡವರಿಗೆ ಆ ಐದಾರು ಗಂಟೆ ಕೆಲವೊಮ್ಮೆ ಎರಡು ದಿನವಾಗುತ್ತದೆ ಅಂತ ನಾನು ಹೇಳಬೇಕಾಗಿಲ್ಲ.

ಮಳೆಗೆ ಮೊದಲು ಒಂದು ಡಬ್ಬ

ಮೇ ತಿಂಗಳಲ್ಲಿ ಸೌದೆ ಒಟ್ಟುವಾಗಲೇ ಒಂದು ಬಿಸ್ಕತ್ ಡಬ್ಬ ತಯಾರು ಮಾಡಿಡಿ. ಹತ್ತು ಓಆರ್‌ಎಸ್ ಪ್ಯಾಕೆಟ್, ಜಿಂಕ್ ಮಾತ್ರೆ, ಥರ್ಮಾಮೀಟರ್, ಸಿರಪ್ಪಿನ ಜೊತೆ ಬರುವ 5 ಮಿಲಿ ಚಮಚ, ಖಾಲಿ 1 ಲೀಟರ್ ನೀರಿನ ಬಾಟಲಿ, ಟಾರ್ಚು, ಒಂದು ನೋಟ್‌ಬುಕ್ಕು, ಪೆನ್ಸಿಲ್. ಮನೆಯಲ್ಲಿ ದಿನಾ ಕುಡಿಯುವ ಲೋಟಕ್ಕೆ ಎಷ್ಟು ಮಿಲಿ ಹಿಡಿಯುತ್ತದೆ ಅಂತ ಬಾಟಲಿಯಿಂದ ಒಮ್ಮೆ ಅಳೆದು, 100 ಮಿಲಿ ಬರುವಲ್ಲಿ ಹೊರಗಿನಿಂದ ಉಗುರು ಬಣ್ಣದ ಗೆರೆ ಎಳೆಯಿರಿ. "ಅರ್ಧ ಲೋಟ ಕುಡಿದಿದೆ" ಅನ್ನುವ ಮಾತಿನಿಂದ ಯಾವ ಡಾಕ್ಟರಿಗೂ ಏನೂ ತಿಳಿಯುವುದಿಲ್ಲ. ಒಂದೊಂದು ಮನೆಯ ಲೋಟ ಒಂದೊಂದು ಗಾತ್ರ.

ಇನ್ನೊಂದು, ಮಗುವಿನ ತೂಕ. ಎಸ್ಟೇಟಿನಲ್ಲಿ ಇರುವವರಿಗೆ ಇದು ಕಷ್ಟವಿಲ್ಲ; ಕಾಫಿ ಹಣ್ಣು ತೂಗುವ ಯಂತ್ರ ಮಳೆಗಾಲವೆಲ್ಲ ಗೋಡೌನಿನಲ್ಲಿ ಸುಮ್ಮನೆ ಕೂತಿರುತ್ತದೆ. ತಾಯಿ ಒಬ್ಬಳೇ ನಿಂತು ಒಂದು ಸಲ, ಮಗುವನ್ನು ಎತ್ತಿಕೊಂಡು ಒಂದು ಸಲ. ತಿಂಗಳಿಗೊಮ್ಮೆ ಬರೆದಿಡಿ. ಭೇದಿ ಶುರುವಾದ ಮೇಲೆ 10 ಕೆಜಿಯ ಮಗು 9 ಕೆಜಿಗೆ ಇಳಿದಿದ್ದರೆ ಮೈಯಿಂದ ಸುಮಾರು ಒಂದು ಲೀಟರ್ ನೀರು ಹೋಗಿದೆ ಅಂತ ಲೆಕ್ಕ. ಕಣ್ಣು, ಚರ್ಮ ನೋಡಿ ಹೇಳುವುದರಲ್ಲಿ ನಾನೂ ತಪ್ಪಿದ್ದೇನೆ, ದೊಡ್ಡ ಡಾಕ್ಟರುಗಳೂ ತಪ್ಪಿದ್ದಾರೆ. ತಕ್ಕಡಿಗೆ ದಾಕ್ಷಿಣ್ಯ ಇಲ್ಲ.

ವಾಂತಿ ಭೇದಿ

ಮಳೆ ಹಿಡಿದ ಮೇಲೆ ತೋಡಿನ ನೀರು, ಬಾವಿಯ ನೀರು ಎರಡೂ ಕೆಂಪಗಾಗುತ್ತವೆ. ಕುದಿಸಿ ಆರಿಸಿದ ನೀರನ್ನೇ ಬಳಸಿ. ಓಆರ್‌ಎಸ್ ದೊಡ್ಡ ಪ್ಯಾಕೆಟ್ಟಾದರೆ ಪೂರ್ತಿ 1 ಲೀಟರಿಗೆ, ಸಣ್ಣದಾದರೆ ಅದರ ಮೇಲೆ ಬರೆದಂತೆ 200 ಮಿಲಿಗೆ. ದೊಡ್ಡ ಪ್ಯಾಕೆಟ್ಟಿನಲ್ಲಿ ಅರ್ಧ ಸುರಿದು ಅರ್ಧ ಮಡಚಿ ಇಡಬೇಡಿ. ಉಪ್ಪು ಎಲ್ಲ ಒಂದೇ ಕಡೆ ಬಿದ್ದಿರುತ್ತದೆ, ಜೊತೆಗೆ ನಮ್ಮ ಥಂಡಿಗೆ ಉಳಿದದ್ದು ಬೆಳಗಾಗುವಷ್ಟರಲ್ಲಿ ಗಟ್ಟಿಯಾಗಿರುತ್ತದೆ. ಕಲೆಸಿದ್ದನ್ನು 24 ಗಂಟೆಯೊಳಗೆ ಮುಗಿಸಿ, ಉಳಿದರೆ ಚೆಲ್ಲಿ. ಪ್ಯಾಕೆಟ್ ಇಲ್ಲವೇ? 1 ಲೀಟರಿಗೆ ಮಟ್ಟಸವಾಗಿ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪು ಹೆಚ್ಚಾದರೆ ಅಪಾಯ, ಕಣ್ಣೀರಿಗಿಂತ ಉಪ್ಪಾಗಿರಬಾರದು.

ಬೇಕರಿಯಲ್ಲಿ ಬಣ್ಣದ ಡಬ್ಬಿಯಲ್ಲಿ ಸಿಗುವ ಸಿಹಿ ಪಾನೀಯ ಓಆರ್‌ಎಸ್ ಅಲ್ಲ. ಸಕ್ಕರೆ ಜಾಸ್ತಿಯಿದ್ದರೆ ಅದು ಕರುಳಿಗೆ ನೀರು ಎಳೆದು ಭೇದಿಯನ್ನು ಹೆಚ್ಚಿಸುತ್ತದೆ. ಅಂಥ ಪಾನೀಯಗಳ ಮೇಲೆ ಓಆರ್‌ಎಸ್ ಅಂತ ಬರೆಯಬಾರದು ಅಂತ ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರಿನಲ್ಲಿ ಆದೇಶ ಮಾಡಿತು. ಆದರೂ ಪ್ಯಾಕೆಟ್ಟಿನ ಮೇಲೆ ಡಬ್ಲ್ಯೂಎಚ್‌ಒ ಸೂತ್ರ ಅಂತ ಇದೆಯೇ ಅಂತ ನೀವೇ ಓದಿ ತನ್ನಿ.

ಕುಡಿಸುವುದು ಹೇಗೆ ಅನ್ನುವುದರಲ್ಲೇ ಅರ್ಧ ಜನ ಸೋಲುತ್ತಾರೆ. ಬಾಯಾರಿದ ಮಗು ಲೋಟ ಕಿತ್ತುಕೊಂಡು ಗಟಗಟ ಕುಡಿಯುತ್ತದೆ, ಎರಡು ನಿಮಿಷಕ್ಕೆ ಪೂರ್ತಿ ಹೊರಗೆ. "ಓಆರ್‌ಎಸ್ ನಿಲ್ಲೋದಿಲ್ಲ ಅಕ್ಕಾ" ಅನ್ನುತ್ತಾರೆ. ನಿಲ್ಲುತ್ತದೆ. ವಾಂತಿಯಾದ ಮೇಲೆ 10 ನಿಮಿಷ ಏನೂ ಕೊಡಬೇಡಿ. ಆಮೇಲೆ ಎರಡು ಮೂರು ನಿಮಿಷಕ್ಕೆ ಒಂದು ಚಮಚ. ಗಡಿಯಾರ ನೋಡಿಕೊಂಡೇ ಕೊಡಿ. ಅರ್ಧ ಗಂಟೆ ವಾಂತಿ ಇಲ್ಲವೆಂದರೆ ನಿಮಿಷಕ್ಕೊಂದು ಚಮಚ. ಹಾಗೆ ಕೊಟ್ಟರೆ ಗಂಟೆಗೆ 300 ಮಿಲಿ ಒಳಗೆ ಹೋಗಿರುತ್ತದೆ. ಕಣ್ಣು ಗುಳಿ ಬಿದ್ದು, ರಚ್ಚೆ ಹಿಡಿದು, ನೀರು ಕಂಡರೆ ಹಾತೊರೆಯುವ ಮಗುವಿಗೆ ನಾಲ್ಕು ಗಂಟೆಯಲ್ಲಿ ಕೆಜಿಗೆ 75 ಮಿಲಿಯಂತೆ ಬೇಕು. 10 ಕೆಜಿಗೆ 750. ಒಬ್ಬರಿಂದ ಆಗದ ಕೆಲಸ ಅದು. ಅಜ್ಜಿಯನ್ನು ಎಬ್ಬಿಸಿ, ಪಾಳಿ ಹಾಕಿಕೊಳ್ಳಿ. ನೀರಿನಂಶ ಇನ್ನೂ ಇಳಿಯದ ಮಗುವಿಗೆ ಪ್ರತಿ ಸಲ ಭೇದಿಯಾದ ಮೇಲೆ ಎರಡು ವರ್ಷದೊಳಗಾದರೆ 50ರಿಂದ 100 ಮಿಲಿ, ಮೇಲ್ಪಟ್ಟರೆ 100ರಿಂದ 200 ಮಿಲಿ ಸಾಕು.

1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಬಂದು ಡ್ರಿಪ್ ಬಾಟಲಿ ಮುಗಿದಾಗ ಡಾ. ದಿಲೀಪ್ ಮಹಾಲನಬಿಸ್ ಅವರು ಉಪ್ಪು, ಗ್ಲೂಕೋಸ್ ಕಲೆಸಿದ ನೀರನ್ನು ರೋಗಿಗಳ ಮನೆಯವರ ಕೈಗೇ ಕೊಟ್ಟು ಕುಡಿಸಲು ಹೇಳಿದರು. ನೂರಕ್ಕೆ 30ರ ಹತ್ತಿರ ಇದ್ದ ಸಾವು 4ಕ್ಕಿಂತ ಕೆಳಗೆ ಬಂತು. ಅಲ್ಲಿ ನರ್ಸಿಂಗ್ ಮಾಡಿದ್ದು ತಾಯಂದಿರು, ಅಣ್ಣತಮ್ಮಂದಿರು. ನಮ್ಮಲ್ಲಿ ಮಾತ್ರ ಈಗಲೂ "ಒಂದು ಬಾಟಲಿ ಹಾಕಿಸಿಬಿಡಿ ಸಿಸ್ಟರ್" ಅನ್ನುವುದು ಹೋಗಿಲ್ಲ.

ಊಟ ನಿಲ್ಲಿಸಬೇಡಿ. ಎದೆಹಾಲು ಅಂತೂ ನಿಲ್ಲಿಸಲೇಬೇಡಿ. ಉಪ್ಪು ಹಾಕಿದ ಗಂಜಿ, ಮಜ್ಜಿಗೆ ಅನ್ನ, ಬಾಳೆಹಣ್ಣು ಕೊಡಬಹುದು. ಜಿಂಕ್ ಆರು ತಿಂಗಳು ದಾಟಿದ ಮಗುವಿಗೆ ದಿನಕ್ಕೆ 20 ಮಿಗ್ರಾಂ, ಎರಡರಿಂದ ಆರು ತಿಂಗಳಿನದಕ್ಕೆ 10 ಮಿಗ್ರಾಂ, ಭೇದಿ ನಿಂತರೂ 14 ದಿನ ಪೂರ್ತಿ. ದೊಡ್ಡವರ ಭೇದಿ ನಿಲ್ಲಿಸುವ ಮಾತ್ರೆಯನ್ನು ಮುರಿದು ಮಗುವಿಗೆ ಕೊಡುವವರಿದ್ದಾರೆ, ಬೇಡ. ಕರುಳಿನ ಚಲನೆ ನಿಂತು ಹೊಟ್ಟೆ ಊದಿಕೊಂಡ ಮಕ್ಕಳನ್ನು ನೋಡಿದ್ದೇನೆ.

ಹೊಕ್ಕುಳ ಪಕ್ಕದ ಚರ್ಮ ಚಿವುಟಿ ಬಿಟ್ಟಾಗ ಎರಡು ಸೆಕೆಂಡ್ ಕಳೆದರೂ ಮಡಿಕೆ ಹಾಗೇ ನಿಂತಿದ್ದರೆ, ಮಗು ಕುಡಿಯಲಾರದಷ್ಟು ಮಂಕಾಗಿದ್ದರೆ, ಆರೇಳು ಗಂಟೆ ಉಚ್ಚೆ ಇಲ್ಲದಿದ್ದರೆ, ಭೇದಿಯಲ್ಲಿ ರಕ್ತ ಕಂಡರೆ, ಎರಡು ತಿಂಗಳೊಳಗಿನ ಕೂಸಾದರೆ ಓಆರ್‌ಎಸ್ ಕೊಡುತ್ತಲೇ ಹೊರಡಿ. ವಾಂತಿಯ ಬಣ್ಣವನ್ನು ಟಾರ್ಚು ಹಾಕಿ ನೋಡಿ. ಹಸಿರು ವಾಂತಿ ಕರುಳು ಕಟ್ಟಿಕೊಂಡದ್ದರ ಗುರುತಿರಬಹುದು. ಕೂಸು ಬಿಟ್ಟು ಬಿಟ್ಟು ಕಾಲು ಮಡಚಿ ಚೀರಿ, ಕೆಂಪು ಜಾಮಿನ ಹಾಗೆ ಹೇತರೆ ಅದೂ ಅಷ್ಟೇ. ಈ ಎರಡಕ್ಕೂ ಮನೆಮದ್ದಿಲ್ಲ, ಬೆಳಗಾಗಲಿ ಅಂತ ಕಾಯುವುದೂ ಇಲ್ಲ.

ನನ್ನ ಕೈಬರಹದಲ್ಲಿ ಇದ್ದ ತಪ್ಪು

ನಾನು ಕೆಲಸಕ್ಕೆ ಸೇರಿ ಮೂರನೆಯ ಮಳೆಗಾಲ. ಒಂಬತ್ತು ವರ್ಷದ ಹುಡುಗಿ, ಎರಡು ದಿನದಿಂದ ವಾಂತಿ, ಹೊಟ್ಟೆನೋವು. ಭೇದಿ ಇರಲಿಲ್ಲ. ತುಟಿ ಒಣಗಿತ್ತು, ಕಣ್ಣು ಒಳಗೆ ಹೋಗಿತ್ತು. ಗ್ಯಾಸ್ಟ್ರಿಕ್ ಅಂತ ಬರೆದು ಸೇರಿಸಿಕೊಂಡರು. ನೈಟ್ ಡ್ಯೂಟಿ ನನ್ನದು. ಹುಡುಗಿ ಗಂಟೆಗೊಮ್ಮೆ ಎದ್ದು ಬಾತ್‌ರೂಮಿಗೆ ಹೋಗಿ ಬರುತ್ತಿದ್ದಳು. ನಾನು ಪ್ರತಿ ಸಲ ಚಾರ್ಟಿನಲ್ಲಿ "ಮೂತ್ರ ಚೆನ್ನಾಗಿ ಹೋಗಿದೆ" ಅಂತ ಬರೆದೆ. ಐದು ಸಲ. ನೀರಿನಂಶ ಸರಿಯಾಗುತ್ತಿದೆ ಅಂತ ನನಗೆ ಒಳಗೇ ಖುಷಿ.

ಬೆಳಗಿನ ಜಾವ ಆಯಾ ಬಂದು ಹೇಳಿದರು: "ಸಿಸ್ಟರೇ, ಈ ಕೂಸು ನನ್ನ ಚೊಂಬು ಮೂರು ಸಲ ಖಾಲಿ ಮಾಡ್ತು. ಬಾತ್‌ರೂಮಿನಲ್ಲಿ ಇರುವೆ ಮುತ್ತಿದೆ." ಅಷ್ಟು ಹೊತ್ತಿಗೆ ಹುಡುಗಿ ಆಳವಾಗಿ, ಓಡಿ ಬಂದವರ ಹಾಗೆ ಉಸಿರಾಡುತ್ತಿದ್ದಳು. ಬಾಯಿಯಿಂದ ಕೊಳೆತ ಕಿತ್ತಳೆಯಂಥ ವಾಸನೆ. ಆಗ ನಮ್ಮ ವಾರ್ಡಿನಲ್ಲಿ ಗ್ಲುಕೋಮೀಟರ್ ಇರಲಿಲ್ಲ. ಟೆಸ್ಟ್ ಟ್ಯೂಬಿನಲ್ಲಿ ನೀಲಿ ಬೆನೆಡಿಕ್ಟ್ ದ್ರಾವಣ ಹಾಕಿ, ಎಂಟು ಹನಿ ಮೂತ್ರ ಬಿಟ್ಟು, ಸ್ಪಿರಿಟ್ ದೀಪದ ಮೇಲೆ ಹಿಡಿದೆ. ನೀಲಿ ಹೋಗಿ ಇಟ್ಟಿಗೆಯ ಕೆಂಪು ಬಂತು, ಅಂದರೆ ಮೂತ್ರದಲ್ಲಿ ಸಕ್ಕರೆ. ಟೈಪ್ 1 ಡಯಾಬಿಟಿಸ್, ದೇಹದಲ್ಲಿ ಇನ್ಸುಲಿನ್ ಹುಟ್ಟದ ಸಕ್ಕರೆ ಕಾಯಿಲೆ. ಕೊಬ್ಬು ಕರಗಿ ಹುಟ್ಟುವ ಕೀಟೋನ್ ರಕ್ತದಲ್ಲಿ ತುಂಬಿ ಹುಳಿಯಾಗಿತ್ತು. ಮಳೆಯಲ್ಲೇ ಮೈಸೂರಿಗೆ ಕಳಿಸಿದರು. ಹುಡುಗಿ ಉಳಿದಳು. ತಿಂಗಳ ನಂತರ ಅವಳ ಅವ್ವ ಬಂದು ಕೈಹಿಡಿದುಕೊಂಡು "ನೀವು ಕಂಡುಹಿಡಿದಿರಿ" ಅಂದಾಗ ನನಗೆ ತಲೆ ಎತ್ತಲಾಗಲಿಲ್ಲ. ಕಂಡುಹಿಡಿದದ್ದು ಆಯಾ.

ಆದ್ದರಿಂದ ಉಚ್ಚೆಯ ಪ್ರಶ್ನೆ. ವಾಂತಿಯಿಂದ ಬತ್ತಿದ ಮಗುವಿಗೆ ಉಚ್ಚೆ ಕಡಿಮೆಯಾಗಲೇಬೇಕು. ಮೈ ಬತ್ತಿದೆ, ಉಚ್ಚೆ ಮಾತ್ರ ಧಾರಾಳ ಅಂದರೆ ಲೆಕ್ಕ ತಾಳೆಯಾಗುವುದಿಲ್ಲ. ತಕ್ಷಣ ಬೆರಳು ಚುಚ್ಚಿ ಶುಗರ್ ನೋಡಿಸಿ. ಹಾಸಿಗೆ ಒದ್ದೆ ಮಾಡುವುದನ್ನು ಬಿಟ್ಟಿದ್ದ ಮಗು ಮತ್ತೆ ಶುರು ಮಾಡಿದರೆ, ಶಾಲೆಯಲ್ಲಿ ನೀರಿನ ಬಾಟಲಿ ಎರಡೆರಡು ಸಲ ತುಂಬಿಸಿಕೊಂಡರೆ, ಚೆನ್ನಾಗಿ ತಿಂದೂ ಅಂಗಿ ಸಡಿಲವಾದರೆ, ಉಚ್ಚೆ ಹೊಯ್ದಲ್ಲಿ ಇರುವೆ ಬಂದರೆ ವಾಂತಿ ಬರುವವರೆಗೆ ಕಾಯಬಾರದು, ಅದೇ ದಿನ ಪರೀಕ್ಷೆ ಮಾಡಿಸಬೇಕು. ಹಂಚಿನ ಮನೆಯ ಥಂಡಿಗೆ ಹಾಸಿಗೆ ಒದ್ದೆ ಮಾಡಿತು ಅಂತ ಬೈದು ಮೂರು ವಾರ ಕಳೆದ ತಂದೆ ತಾಯಿಗಳನ್ನು ನಾನು ಎಣಿಸುವುದನ್ನು ಬಿಟ್ಟಿದ್ದೇನೆ.

ಈಗ ವಾರ್ಡಿಗೆ ಸೇರಿದ ಸಿಸ್ಟರುಗಳಿಗೆ ಒಂದು ಮಾತು. ಇಂಥ ಮಗುವಿಗೆ ಭೇದಿಯ ಮಗುವಿನ ಹಾಗೆ ಅವಸರದಲ್ಲಿ ಡ್ರಿಪ್ ಓಡಿಸಬೇಡಿ, ಆದೇಶದಲ್ಲಿರುವ ವೇಗವನ್ನು ಹನಿ ಎಣಿಸಿ ಕಾಯಿರಿ. ಇನ್ಸುಲಿನ್ ಡ್ರಿಪ್ ದ್ರವ ಶುರುವಾಗಿ ಸುಮಾರು ಒಂದು ಗಂಟೆಯ ನಂತರ. ಇನ್ಸುಲಿನ್ ಪ್ಲಾಸ್ಟಿಕ್ ಕೊಳವೆಗೆ ಅಂಟಿಕೊಳ್ಳುತ್ತದೆ. ಮೊದಲ ಸ್ವಲ್ಪ ದ್ರಾವಣವನ್ನು ಕೊಳವೆಯಲ್ಲಿ ಹರಿಸಿ ಚೆಲ್ಲಿದ ಮೇಲೆಯೇ ಮಗುವಿಗೆ ಜೋಡಿಸಿ. ಗಂಟೆಗೊಮ್ಮೆ ಶುಗರ್, ನಾಡಿ, ಪ್ರಜ್ಞೆ. ಚೇತರಿಸಿಕೊಳ್ಳುತ್ತಿದ್ದ ಮಗು ತಲೆನೋವು ಅಂದರೆ, ಮತ್ತೆ ವಾಂತಿ ಮಾಡಿದರೆ, ನಾಡಿ ನಿಧಾನವಾದರೆ, ಸುಮ್ಮಸುಮ್ಮನೆ ರೇಗಿದರೆ ಮೆದುಳಿಗೆ ಬಾವು ಬರುತ್ತಿರಬಹುದು. ಆಗ ಫೈಲು ಬರೆಯುತ್ತಾ ಕೂರಬೇಡಿ, ಡಾಕ್ಟರನ್ನು ಎಬ್ಬಿಸಿ. ಬೈಸಿಕೊಂಡರೂ ಪರವಾಗಿಲ್ಲ.

ಶುಗರ್ ಇರುವ ಮಗುವಿಗೆ ವಾಂತಿ ಬಂದರೆ

ಕೆಲವು ಮನೆಗಳಲ್ಲಿ ಈ ಕಾಯಿಲೆ ಮೊದಲೇ ಗೊತ್ತಿರುತ್ತದೆ, ದಿನಾ ಇನ್ಸುಲಿನ್ ನಡೆಯುತ್ತಿರುತ್ತದೆ. ಮಗು ವಾಂತಿ ಮಾಡಿತು, ಊಟ ಸೇರಲಿಲ್ಲ. "ಊಟವೇ ಇಲ್ಲ, ಸೂಜಿ ಯಾಕೆ" ಅಂತ ಅಜ್ಜಿ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ. ಆದರೆ ಊಟ ಇಲ್ಲದಾಗಲೂ ದೇಹ ತನ್ನೊಳಗಿನ ಕೊಬ್ಬು ಕರಗಿಸುತ್ತದೆ. ಇನ್ಸುಲಿನ್ ಇಲ್ಲದಿದ್ದರೆ ಅದು ಕಡಿವಾಣವಿಲ್ಲದೆ ಕರಗಿ ಕೀಟೋನ್ ಆಗುತ್ತದೆ, ಕೀಟೋನಿನಿಂದ ಮತ್ತೆ ವಾಂತಿ. ದಿನವಿಡೀ ಕೆಲಸ ಮಾಡುವ ಇನ್ಸುಲಿನ್ನನ್ನು ಯಾವ ಕಾರಣಕ್ಕೂ ಪೂರ್ತಿ ನಿಲ್ಲಿಸಬೇಡಿ. ಭೇದಿಯಲ್ಲಿ ಶುಗರ್ ಇಳಿಯುವುದೂ ಉಂಟು, ಆಗ ಪ್ರಮಾಣ ಕಡಿಮೆ ಮಾಡಬೇಕಾಗಬಹುದು. ಎಷ್ಟು ಅಂತ ಮಳೆಗೆ ಮೊದಲೇ ನಿಮ್ಮ ಡಾಕ್ಟರಿಂದ ಬರೆಸಿಕೊಂಡು ಡಬ್ಬದ ಮುಚ್ಚಳದ ಒಳಗೆ ಅಂಟಿಸಿ. ಟವರ್ ಇಲ್ಲದ ರಾತ್ರಿ ಕೇಳುವುದಕ್ಕೆ ಯಾರೂ ಸಿಗುವುದಿಲ್ಲ.

ಎರಡು ಮೂರು ಗಂಟೆಗೊಮ್ಮೆ ಶುಗರ್ ನೋಡಿ, ರಾತ್ರಿಯೂ. ಪ್ರತಿ ಸಲ ಉಚ್ಚೆ ಹೊಯ್ದಾಗ ಕೀಟೋನ್ ಪಟ್ಟಿ ಅದ್ದಿ, ಡಬ್ಬಿಯ ಮೇಲಿನ ಬಣ್ಣಕ್ಕೆ ಹೋಲಿಸಿ. ಶುಗರ್ 250 ದಾಟಿದ್ದರೆ ಸಿಹಿಯಿಲ್ಲದ ನೀರು, ಉಪ್ಪಿನ ಗಂಜಿ ತಿಳಿ. 180ಕ್ಕಿಂತ ಕೆಳಗೆ ಇಳಿಯುತ್ತಾ ಬಂದು ಊಟವೂ ಸೇರದಿದ್ದರೆ ಸಕ್ಕರೆ ನೀರು, ಹಣ್ಣಿನ ರಸ, ಚಮಚ ಚಮಚವಾಗಿ. ಎರಡು ಗಂಟೆ ಮೀರಿ ವಾಂತಿ ನಿಲ್ಲದಿದ್ದರೆ, ಪಟ್ಟಿ ಗಾಢ ನೇರಳೆಗೆ ತಿರುಗಿದರೆ, ಉಸಿರು ಆಳವಾದರೆ ಮನೆಯ ಕೆಲಸ ಮುಗಿಯಿತು; 108ಕ್ಕೆ ಹೇಳಿ, ಸಿಗದಿದ್ದರೆ ಎಸ್ಟೇಟ್ ಜೀಪು. ಹೊರಡುವಾಗಲೂ ಇನ್ಸುಲಿನ್ ಜೊತೆಗಿರಲಿ.

ಈ ನೇರಳೆ ಬಣ್ಣದ ವಿಷಯದಲ್ಲಿ ನಮ್ಮ ಊರಿಗೇ ಸೇರಿದ ಒಂದು ಫಜೀತಿ ಇದೆ. ಕಕ್ಕಡ 18ಕ್ಕೆ, ಅಂದರೆ ಆಗಸ್ಟ್ 3ಕ್ಕೆ, ಮದ್ದು ಸೊಪ್ಪಿನ ಪಾಯಸ ಉಂಡ ಮೇಲೆ ಮಾರನೆಯ ದಿನ ಎಲ್ಲರ ಉಚ್ಚೆಯೂ ಕೆಂಪು. ನಮಗೆ ಅದು ನಗುವ ವಿಷಯ. ಹೊರಗಿನಿಂದ ಬಂದ ಒಬ್ಬ ಹೊಸ ಡಾಕ್ಟರು ಅದನ್ನು ರಕ್ತ ಅಂತ ತಿಳಿದು ಇಡೀ ಕುಟುಂಬಕ್ಕೆ ಪರೀಕ್ಷೆ ಬರೆದಿದ್ದರು. ಶುಗರಿನ ಮಗುವಿಗೆ ಇದು ನಗುವ ವಿಷಯ ಅಲ್ಲ: ಉಚ್ಚೆಗೆ ಬಣ್ಣ ಕಟ್ಟಿದ ದಿನ ಪಟ್ಟಿಯ ಬಣ್ಣ ನಂಬುವ ಹಾಗಿಲ್ಲ. ಆ ದಿನ ಮಗು ಮಂಕಾದರೆ ರಕ್ತದ ಪರೀಕ್ಷೆಯೇ ಆಗಬೇಕು, "ಪಾಯಸ ತಿಂದಿದೆ" ಅಂತ ಮೊದಲೇ ಹೇಳಿ. ಹಾಗಂತ ಪಾಯಸ ತಪ್ಪಿಸಬೇಕೆಂದಿಲ್ಲ. ಬೆಲ್ಲ ಇಷ್ಟು, ಅಕ್ಕಿ ಇಷ್ಟು ಅಂತ ಅಳೆದು, ಸಣ್ಣ ಬಟ್ಟಲು ಕೊಟ್ಟು, ಅದಕ್ಕೆ ತಕ್ಕ ಇನ್ಸುಲಿನ್ ಕೊಡುವುದು. ಹಬ್ಬದ ದಿನ ಅಡುಗೆಮನೆಯ ಮೂಲೆಯಲ್ಲಿ ಒಂದೇ ಮಗುವಿಗೆ ಬೇರೆ ತಟ್ಟೆ ಹಾಕಿದರೆ ಅದು ಪಕ್ಕದ ಮನೆಯಲ್ಲಿ ಕದ್ದು ತಿನ್ನುತ್ತದೆ, ಇನ್ಸುಲಿನ್ ಇಲ್ಲದೆ.

ಅಳತೆ ಅಂದಾಗ ಕಡಂಬುಟ್ಟಿನ (ಬೇಯಿಸಿದ ಅಕ್ಕಿ ತರಿ ಉಂಡೆಯ) ಲೆಕ್ಕ ಹೇಳಿಬಿಡುತ್ತೇನೆ, ಎಲ್ಲರೂ ಕೇಳುವುದು ಇದನ್ನೇ. ಆಸ್ಪತ್ರೆಯ ಊಟದ ಪಟ್ಟಿಯಲ್ಲಿ ಇಡ್ಲಿ ಇರುತ್ತದೆ, ಚಪಾತಿ ಇರುತ್ತದೆ, ಕಡಂಬುಟ್ಟು ಇರುವುದಿಲ್ಲ. ಒಣ ಅಕ್ಕಿ ತರಿಯನ್ನು ತೂಗಿ. 100 ಗ್ರಾಂ ತರಿಯಲ್ಲಿ ಸುಮಾರು 78 ಗ್ರಾಂ ಪಿಷ್ಟ. 500 ಗ್ರಾಂ ತರಿಗೆ 390. ಅದರಲ್ಲಿ ಒಂದೇ ಗಾತ್ರದ 26 ಉಂಡೆ ಕಟ್ಟಿದರೆ ಒಂದಕ್ಕೆ 15 ಗ್ರಾಂ. ನೂಪುಟ್ಟಿಗೂ (ಒತ್ತು ಶಾವಿಗೆ) ಇದೇ ದಾರಿ, ಎಷ್ಟು ಸುತ್ತು ಬಂತು ಅಂತ ಎಣಿಸಿ ಭಾಗಿಸಿ. ಜೊತೆಗೆ ಪಂದಿ ಕರಿ (ಹಂದಿ ಸಾರು) ಇದ್ದರೆ ಅದರ ಕೊಬ್ಬಿನಿಂದ ಶುಗರ್ ಏರುವುದು ತಡವಾಗುತ್ತದೆ. ಉಂಡ ಎರಡು ಗಂಟೆಗೆ ಚೆನ್ನಾಗಿದೆ ಅಂತ ಸಮಾಧಾನಪಡಬೇಡಿ, ನಾಲ್ಕನೆಯ ಗಂಟೆಗೆ ಇನ್ನೊಮ್ಮೆ ಚುಚ್ಚಿ.

ಸೂಜಿ, ಸೀಸೆ, ಕರೆಂಟು

ಇನ್ಸುಲಿನ್ ಸೀಸೆಯ ಮೇಲೆ 40 ಅಂತಲೋ 100 ಅಂತಲೋ ಇರುತ್ತದೆ, ಮಿಲಿಗೆ ಎಷ್ಟು ಯೂನಿಟ್ ಅಂತ. ಸಿರಿಂಜಿನ ಮೇಲೂ ಅದೇ ಅಂಕಿ ಇರಬೇಕು. ಸಾಮಾನ್ಯವಾಗಿ ಕೆಂಪು ಮುಚ್ಚಳದ್ದು 40, ಕಿತ್ತಳೆ ಮುಚ್ಚಳದ್ದು 100. ಮಳೆಯಲ್ಲಿ ಒಂದು ಅಂಗಡಿಯಲ್ಲಿ ಇಲ್ಲದೆ ಇನ್ನೊಂದರಲ್ಲಿ ಸಿಕ್ಕಿದ್ದನ್ನು ತಂದಾಗಲೇ ಎಡವಟ್ಟಾಗುವುದು. 100ರ ಇನ್ಸುಲಿನ್ನನ್ನು 40ರ ಸಿರಿಂಜಿನಲ್ಲಿ 10ರ ಗೆರೆಯವರೆಗೆ ಎಳೆದರೆ ಮಗುವಿನ ಮೈಗೆ ಹೋಗುವುದು 25 ಯೂನಿಟ್. ಹತ್ತರ ಬದಲು ಇಪ್ಪತ್ತೈದು! ತಿರುಗಾ ಮುರುಗಾ ಆದರೆ 4 ಮಾತ್ರ. ಅಂಗಡಿಯ ಕೌಂಟರಿನಲ್ಲೇ ಎರಡನ್ನೂ ಅಕ್ಕಪಕ್ಕ ಇಟ್ಟು ಓದಿ.

ತೆರೆಯದ ಸೀಸೆ ಫ್ರಿಜ್ಜಿನಲ್ಲಿ, 2ರಿಂದ 8 ಡಿಗ್ರಿಯಲ್ಲಿ, ಐಸಿನ ಗೋಡೆಗೆ ತಾಗದಂತೆ. ಹೆಪ್ಪುಗಟ್ಟಿದ್ದು ಕರಗಿದರೂ ಕೆಲಸಕ್ಕೆ ಬಾರದು. ತೆರೆದದ್ದು ಹೊರಗೇ ನಾಲ್ಕು ವಾರ ಇರಬಹುದು, 25ರಿಂದ 30 ಡಿಗ್ರಿ ದಾಟದಿದ್ದರೆ ಸಾಕು. ಯಾವ ದಿನ ತೆರೆದದ್ದು ಅಂತ ಸೀಸೆಯ ಮೇಲೆ ಬರೆಯಿರಿ. ಆದ್ದರಿಂದ ಜುಲೈನಲ್ಲಿ ಮೂರು ದಿನ ಕರೆಂಟಿಲ್ಲವೆಂದು ಹೌಹಾರಬೇಡಿ, ನಮ್ಮ ಮನೆಯೇ ಆಗ ಅರ್ಧ ಫ್ರಿಜ್ಜು. ನಮ್ಮ ಕಡೆ ಹಾಳಾಗುವುದು ಬೇರೆ ದಾರಿಯಲ್ಲಿ. ಮಳೆಗಾಲದಲ್ಲಿ ಮೆಣಸು, ಒಣಮೀನು ಎಲ್ಲವನ್ನೂ ಒಲೆಯ ಮೇಲಿನ ಅಟ್ಟಕ್ಕೆ ಏರಿಸುವ ಅಭ್ಯಾಸ. "ಥಂಡಿ ತಾಗದಿರಲಿ" ಅಂತ ಇನ್ಸುಲಿನ್ನೂ ಅಲ್ಲಿಗೆ ಏರುತ್ತದೆ. ಬಿಸಿಗೆ ಸತ್ತ ಇನ್ಸುಲಿನ್ ನೋಡಲು ನೀರಿನ ಹಾಗೇ ಇರುತ್ತದೆ. ಇನ್ನು ಶುಗರ್ ನೋಡುವ ಸ್ಟ್ರಿಪ್ಪುಗಳ ಶತ್ರು ತೇವ. ಒಂದು ತೆಗೆದ ಕೂಡಲೇ ಡಬ್ಬಿ ಟಕ್ ಅಂತ ಮುಚ್ಚಿ. ಒದ್ದೆ ಕೈಯಲ್ಲಿ ಮುಟ್ಟಿದ, ಬೂಷ್ಟು ಹಿಡಿದ ಕಪಾಟಿನಲ್ಲಿ ತೆರೆದಿಟ್ಟ ಸ್ಟ್ರಿಪ್ಪು ಸುಳ್ಳು ಹೇಳುತ್ತದೆ.

ಚುಚ್ಚುವ ಮೊದಲು ಸೀಸೆಯನ್ನು ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡಿ, ತಣ್ಣಗಿದ್ದರೆ ಉರಿಯುತ್ತದೆ. ಮಸುಕು ಇನ್ಸುಲಿನ್ ಆದರೆ ಅಂಗೈಗಳ ನಡುವೆ ಹದಿನೈದಿಪ್ಪತ್ತು ಸಲ ಉರುಳಿಸಿ, ಕುಲುಕಬೇಡಿ. ಎರಡು ಬೆರೆಸುವುದಿದ್ದರೆ ತಿಳಿಯಾದದ್ದು ಮೊದಲು, ಮಸುಕಾದದ್ದು ಆಮೇಲೆ. ಹೊಟ್ಟೆ, ತೊಡೆ, ತೋಳು, ಕುಂಡಿ ಅಂತ ಜಾಗ ಬದಲಾಗುತ್ತಿರಲಿ, ನಿನ್ನೆ ಚುಚ್ಚಿದ್ದಕ್ಕಿಂತ ಒಂದು ಬೆರಳು ಆಚೆ. ನೋವಾಗುವುದಿಲ್ಲ ಅಂತ ಮಕ್ಕಳು ಒಂದೇ ಜಾಗ ತೋರಿಸುತ್ತಾರೆ. ಅಲ್ಲಿ ಗಂಟು ಕಟ್ಟಿ ಇನ್ಸುಲಿನ್ ಸರಿಯಾಗಿ ಹತ್ತುವುದಿಲ್ಲ.

ಶುಗರ್ 70ಕ್ಕಿಂತ ಕೆಳಗಿಳಿದರೆ ಬೆವರು, ನಡುಕ, ಹಸಿವು, ಕಾರಣವಿಲ್ಲದ ಹಠ. 20 ಕೆಜಿಯ ಮಗುವಿಗೆ ಎರಡು ಟೀ ಚಮಚ ಸಕ್ಕರೆ, ದೊಡ್ಡವಕ್ಕೆ ಮೂರು, ನೀರಿನಲ್ಲಿ. 15 ನಿಮಿಷ ಬಿಟ್ಟು ಮತ್ತೆ ನೋಡಿ, ಏರದಿದ್ದರೆ ಇನ್ನೊಮ್ಮೆ. ಮಡಿಕೇರಿಯ ಹೋಂಮೇಡ್ ಚಾಕಲೇಟನ್ನು ಇದಕ್ಕೆ ಬ್ಯಾಗಿನಲ್ಲಿ ಇಡುವವರಿದ್ದಾರೆ. ಅದರ ಕೊಬ್ಬಿನಿಂದ ಸಕ್ಕರೆ ರಕ್ತಕ್ಕೆ ಸೇರುವುದು ನಿಧಾನ. ಪ್ರಜ್ಞೆ ತಪ್ಪಿದ ಮಗುವಿನ ಬಾಯಿಗೆ ಏನೂ ಹೊಯ್ಯಬೇಡಿ. ಶುಗರ್ ಏರಿಸುವ ಚುಚ್ಚುಮದ್ದು ಗ್ಲುಕಗಾನ್ ಇದ್ದರೆ ಚುಚ್ಚಿ. ಇಲ್ಲದಿದ್ದರೆ ಮಗ್ಗುಲಿಗೆ ಮಲಗಿಸಿ, ಕೆನ್ನೆಯ ಒಳಗೆ ಬೆರಳಿನಿಂದ ಒಂದಿಷ್ಟು ಜೇನು ಸವರುತ್ತಾ ಹೊರಡಿ. ಒಂದು ವರ್ಷದೊಳಗಿನ ಕೂಸಿಗೆ ಮಾತ್ರ ಜೇನು ಬೇಡ, ಸಕ್ಕರೆ ಸವರಿ.

ಅಳದ ಕೂಸು, ಹೇಲದ ಕೂಸು, ಬೆಳೆಯದ ಮಗು

"ನಮ್ಮ ಕೂಸು ಎಷ್ಟು ಸಾಧು, ಅಳುವುದೇ ಇಲ್ಲ" ಅಂತ ಬಾಣಂತಿ ಹೇಳಿದರೆ ನನಗೆ ಗಾಬರಿ. ಅಳು ದೊರಗು, ಸದಾ ನಿದ್ದೆ, ಹಾಲು ಕುಡಿಯಲು ಸೋಮಾರಿತನ, ಮೂರು ನಾಲ್ಕು ದಿನಕ್ಕೊಮ್ಮೆ ಗಟ್ಟಿ ಕಕ್ಕ, ಎರಡು ವಾರ ಕಳೆದರೂ ಇಳಿಯದ ಮೈಯ ಹಳದಿ, ಉಬ್ಬಿದ ಹೊಕ್ಕುಳ. ಇವು ಹುಟ್ಟಿನಿಂದಲೇ ಥೈರಾಯ್ಡ್ ಕಡಿಮೆ ಇರುವುದರ ಗುರುತು. ಹುಟ್ಟಿದ 48ರಿಂದ 72 ಗಂಟೆಯೊಳಗೆ ಹಿಮ್ಮಡಿಯಿಂದ ಒಂದು ಹನಿ ರಕ್ತ ತೆಗೆದು ನೋಡಿದರೆ ಗುರುತು ಬರುವ ಮೊದಲೇ ತಿಳಿಯುತ್ತದೆ. ಎರಡು ವಾರದೊಳಗೆ ಮಾತ್ರೆ ಶುರುವಾದರೆ ಬುದ್ಧಿ ಬೆಳವಣಿಗೆಗೆ ಪೆಟ್ಟು ಬೀಳುವುದು ತಪ್ಪುತ್ತದೆ. ಮಾತ್ರೆಯನ್ನು ಎರಡು ಚಮಚದ ನಡುವೆ ಪುಡಿ ಮಾಡಿ, ಕೆಲವು ಹನಿ ನೀರಲ್ಲೋ ಎದೆಹಾಲಲ್ಲೋ ಕಲೆಸಿ, ಹಾಲು ಕುಡಿಸುವ ಅರ್ಧ ಗಂಟೆ ಮೊದಲು ಕೊಡಿ. ಬಾಟಲಿ ಹಾಲಿಗೆ ಬೆರೆಸಬೇಡಿ, ಕೂಸು ಅರ್ಧ ಬಿಟ್ಟರೆ ಮಾತ್ರೆಯೂ ಅರ್ಧ. ಕಬ್ಬಿಣದ ಅಥವಾ ಕ್ಯಾಲ್ಸಿಯಂ ಹನಿ ಇದ್ದರೆ ನಾಲ್ಕು ಗಂಟೆ ಅಂತರ. ಮಾತ್ರೆಗಳನ್ನು ಪಟ್ಟಿಯಿಂದ ಬಿಡಿಸಿ ಡಬ್ಬಿಗೆ ಸುರಿಯಬೇಡಿ, ನಮ್ಮ ತೇವಕ್ಕೆ ನಿಲ್ಲುವುದಿಲ್ಲ. ಚುರುಕಾಯಿತು ಅಂತ ನೀವಾಗಿ ನಿಲ್ಲಿಸಲೂಬೇಡಿ. ಮೂರು ವರ್ಷ ತುಂಬುವವರೆಗಂತೂ ಆ ಮಾತೇ ಇಲ್ಲ.

ದೊಡ್ಡ ಮಕ್ಕಳಲ್ಲಿ ಇನ್ನೊಂದು ಮೋಸ ಇದೆ. ಚಡ್ಡಿಯಲ್ಲಿ ಸದಾ ಸ್ವಲ್ಪ ಸೋರಿರುತ್ತದೆ, ಮನೆಯವರು ಭೇದಿ ಅಂತ ತಿಳಿಯುತ್ತಾರೆ. ಒಳಗೆ ಕಲ್ಲಿನಂತೆ ಮಲ ಕಟ್ಟಿ, ಅದರ ಪಕ್ಕದಿಂದ ಜಾರುತ್ತಿರುತ್ತದೆ. ಹೊಟ್ಟೆಯ ಎಡಗಡೆ ಕೆಳಗೆ ಒತ್ತಿದರೆ ಕೈಗೆ ಸಿಗುತ್ತದೆ. ಶಾಲೆಯ ಪಾಯಖಾನೆಗೆ ಮಳೆಯಲ್ಲಿ ಹೋಗಲು ಹೇಸಿ ತಡೆದುಕೊಂಡದ್ದೇ ಹೆಚ್ಚಿನ ಸಲ ಕಾರಣ.

ಬೆಳೆಯದೆ, ರಕ್ತ ಕಡಿಮೆಯಾಗಿ, ಹೊಟ್ಟೆ ಉಬ್ಬಿ ಸೊರಗುವ ಮಗುವಿಗೆ ಜಂತುಹುಳದ ಮಾತ್ರೆ ಕೊಟ್ಟೂ ಗುಣ ಕಾಣದಿದ್ದರೆ ಸೀಲಿಯಾಕ್ (ಗೋಧಿ ಕರುಳಿಗೆ ಒಗ್ಗದ ಕಾಯಿಲೆ) ಪರೀಕ್ಷೆ ಕೇಳಿ. ದಕ್ಷಿಣದಲ್ಲಿ ಇದು ಅಪರೂಪ, ಆದರೆ ಟೈಪ್ 1 ಇರುವ ಮಕ್ಕಳಲ್ಲಿ ಹೆಚ್ಚು. ಗೋಧಿ, ಬಾರ್ಲಿ ಜೀವನಪೂರ್ತಿ ಬಿಡಬೇಕು. ಈ ಒಂದು ಕಾಯಿಲೆಯಲ್ಲಿ ಕೊಡಗಿನ ಮಗು ಅದೃಷ್ಟವಂತ: ಅಕ್ಕಿ ಒಟ್ಟಿ, ನೂಪುಟ್ಟು, ಪಾಪುಟ್ಟು, ಕಡಂಬುಟ್ಟು ಎಲ್ಲವೂ ಅಕ್ಕಿಯದ್ದೇ. ಕಳ್ಳದಾರಿಯಲ್ಲಿ ಬರುವುದು ಬೇಕರಿ ಬಿಸ್ಕತ್ತು, ಗೋಧಿ ಹಿಟ್ಟು ಬೆರೆಸಿದ ಇಂಗು, ಚಪಾತಿ ಸುಟ್ಟ ಕಾವಲಿ. ಕಾವಲಿ ಬೇರೆ ಇಡಿ.

ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯ ತೊಂದರೆಗೆ ಹೈಡ್ರೊಕಾರ್ಟಿಸೋನ್ ಅನ್ನುವ ಸ್ಟೀರಾಯ್ಡ್ ಮಾತ್ರೆ ನುಂಗುತ್ತಿರುವ ಮಕ್ಕಳು ನನ್ನ ಕಾಲದಲ್ಲಿ ಬೆರಳೆಣಿಕೆ. ಅವರಿಗೆ ಜ್ವರ ಬಂದ ದಿನ ಡಾಕ್ಟರು ಬರೆದಂತೆ ಎರಡು ಮೂರು ಪಟ್ಟು ಕೊಡಬೇಕು. ವಾಂತಿಯಾಗಿ ಮಾತ್ರೆ ನಿಲ್ಲದಿದ್ದರೆ ಅದು ಗಂಟೆಗಳ ವ್ಯವಹಾರ. ಚುಚ್ಚುಮದ್ದು ಮನೆಯಲ್ಲೇ ಇರಬೇಕು, ಅದನ್ನು ತೊಡೆಗೆ ಕೊಡಲು ಒಬ್ಬರಾದರೂ ಕಲಿತಿರಬೇಕು.

ಇನ್ನು ಆ ನೋಟ್‌ಬುಕ್ಕು. ಒಂದು ಪುಟಕ್ಕೆ ನಾಲ್ಕು ಗೆರೆ ಎಳೆಯಿರಿ: ಗಂಟೆ, ಒಳಗೆ ಹೋದದ್ದು, ಹೊರಗೆ ಬಂದದ್ದು, ಶುಗರ್ ಅಥವಾ ಔಷಧಿ. ಉಚ್ಚೆಗೆ "ಉ", ವಾಂತಿಗೆ "ವಾ", ಭೇದಿಗೆ "ಭೇ". ಓದು ಬಾರದ ಒಬ್ಬ ತಾಯಿ ಉಚ್ಚೆಗೆ ಚುಕ್ಕೆ, ಭೇದಿಗೆ ಗೆರೆ, ಓಆರ್‌ಎಸ್ ಲೋಟಕ್ಕೆ ಸೊನ್ನೆ ಹಾಕಿ ತಂದಿದ್ದರು. ನಾನು ನೋಡಿದ ಅತ್ಯುತ್ತಮ ಚಾರ್ಟುಗಳಲ್ಲಿ ಅದೂ ಒಂದು. ಕೂಸಾದರೆ ಒಣ ಲಂಗೋಟಿ ಎಷ್ಟು ಗ್ರಾಂ, ಒದ್ದೆಯಾದದ್ದು ಎಷ್ಟು ಅಂತ ತೂಗಿ. ಹೆಚ್ಚಾದ ಒಂದು ಗ್ರಾಂ ಒಂದು ಮಿಲಿಗೆ ಸಮ. ಆಸ್ಪತ್ರೆಗೆ ಹೊರಟಾಗ ಪುಸ್ತಕವನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಅಂಗಿಯೊಳಗೆ ಇಟ್ಟುಕೊಳ್ಳಿ. ಪೆನ್ಸಿಲ್ ಅಂದದ್ದು ಅದಕ್ಕೇ. ಪೆನ್ನಿನಲ್ಲಿ ಬರೆದದ್ದು ಜೀಪಿನಿಂದ ಇಳಿದು ಕ್ಯಾಶುವಾಲ್ಟಿ ಬಾಗಿಲು ಮುಟ್ಟುವಷ್ಟರಲ್ಲಿ ನೀಲಿ ನೀರಾಗಿರುತ್ತದೆ.